ಹಳೆ ಡಿ90 ಬಿಟ್ಟು ಹೊಸ ಡಿಎಸ್‌ಎಲ್‌ಆರ್ ತಗೊಳ್ಳಲಾ?

ಪ್ರಶ್ನೆ: ನನ್ನ ಹತ್ತಿರ ನಿಕಾನ್ ಡಿ90 ಇದೆ. ತಗೊಂಡು ಹದಿನಾಲ್ಕು ವರ್ಷದ ಮೇಲಾಯಿತು. ಜೊತೆಗೆ ಬಂದ 18-105 ಲೆನ್ಸ್ ಇದೆ, ಆಮೇಲೆ ಕೊಂಡ 50 ಎಂಎಂ ಎಫ್/1.8ಡಿ ಇದೆ. ಹಗಲಲ್ಲಿ ತೆಗೆದ ಚಿತ್ರಗಳು ಈಗಲೂ ಚೆನ್ನಾಗಿ ಬರುತ್ತವೆ. ಆದರೆ ಮಗಳ ನೃತ್ಯ ಕಾರ್ಯಕ್ರಮದ್ದೆಲ್ಲ ಮಸುಕು, ಅದರ ಮೇಲೆ ಕಾಳುಕಾಳು. ಹಕ್ಕಿ ತೆಗೆಯೋಣ ಅಂದರೆ ಫೋಕಸ್ ಸಿಗುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ಒಬ್ಬ ಸ್ನೇಹಿತರು 'ಸೆನ್ಸರ್ ಸವೆದಿದೆ, ಶಟರ್ ಲಕ್ಷ ದಾಟಿದೆ, ಇನ್ನು ಅದರ ಕಥೆ ಮುಗೀತು' ಅಂತಾರೆ. ಇನ್ನೊಬ್ಬರು 'ಹಳೆ ಕ್ಯಾಮೆರಾದ ಬಣ್ಣ ಹೊಸದರಲ್ಲಿ ಬರಲ್ಲ, ಮಾರಬೇಡಿ' ಅಂತಾರೆ. ಡಿ5600, ಡಿ7500 ಎರಡನ್ನೂ ನೋಡಿದ್ದೇನೆ. 24 ಮೆಗಾಪಿಕ್ಸೆಲ್ ಇದೆ ಅಂತ ಡಿ5600 ಕಡೆಗೆ ಮನಸ್ಸಿದೆ. ಎರಡು ಚಿತ್ರ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ನಿಮ್ಮ ಚಿಂತೆ ಒಂದೇ ಮಾತಲ್ಲಿ ಹೇಳಬೇಕೆಂದರೆ, ಚಿತ್ರ ಕೆಡುತ್ತಿರುವುದು ಕ್ಯಾಮೆರಾಗೆ ವಯಸ್ಸಾಗಿದ್ದಕ್ಕೋ ಅಥವಾ ಬೇರೆ ಏನಕ್ಕೋ ಅಂತ. ಅದಕ್ಕೆ ಉತ್ತರ ನೀವು ಕಳಿಸಿದ ಚಿತ್ರಗಳಲ್ಲೇ ಇದೆ, ಮೊದಲು ಅವನ್ನೇ ನೋಡೋಣ.

ನೃತ್ಯದ ಚಿತ್ರದ ವಿವರ ಹೀಗಿದೆ: 105 ಎಂಎಂ, ಎಫ್/5.6, ಶಟರ್ 1/40 ಸೆಕೆಂಡ್, ಐಎಸ್‌ಒ 1600. ಎಫ್ ಸಂಖ್ಯೆ ಅಂದರೆ ಲೆನ್ಸಿನ ಬಾಯಿ (ಅಪರ್ಚರ್) ಎಷ್ಟು ತೆರೆದಿದೆ ಅಂತ, ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ. ದೊಡ್ಡದು ಮಾಡಿ ನೋಡಿದೆ. ಮಗಳ ಎಡಗಾಲು ನೆಲದ ಮೇಲೆ ಊರಿದೆ, ಕಾಲ್ಬೆರಳುಗಳನ್ನು ಒಂದೊಂದಾಗಿ ಎಣಿಸಬಹುದು. ಹಿಂದಿನ ಪರದೆಯ ನೆರಿಗೆಯೂ ಸ್ಪಷ್ಟವಾಗಿದೆ. ಬಲಗೈ ಮಾತ್ರ ಹೊಗೆ ಎಳೆದ ಹಾಗಿದೆ, ಬೆರಳುಗಳೇ ಇಲ್ಲ. ಅಂದರೆ ಫೋಕಸ್ ಸರಿ ಇತ್ತು, ನಿಮ್ಮ ಕೈ ನಡುಗಿಲ್ಲ, ಬೆಳಕು ಹಿಡಿದು ಚಿತ್ರ ಮಾಡುವ ಸೆನ್ಸರ್ ಪಾಪ ಏನೂ ತಪ್ಪು ಮಾಡಿಲ್ಲ. ಆ 1/40 ಸೆಕೆಂಡಲ್ಲಿ ಮಗಳ ಕೈ ಒಂದು ಗೇಣು ಓಡಿದೆ, ಅಷ್ಟೆ. ಲೆನ್ಸಿನಲ್ಲಿ ಅಲುಗಾಟ ತಡೆಯುವ ವಿಆರ್ ಇದೆಯಲ್ಲ ಅಂತ ನೀವು ಕೇಳಬಹುದು. ವಿಆರ್ ಹಿಡಿದು ನಿಲ್ಲಿಸುವುದು ನಿಮ್ಮ ಕೈಯನ್ನು, ಕುಣಿಯುವವರ ಕೈಯನ್ನಲ್ಲ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಎಫ್/5.6 ಮತ್ತು ಎಫ್/1.8 ನಡುವೆ ಬೆಳಕಿನ ವ್ಯತ್ಯಾಸ ಹತ್ತಿರ ಹತ್ತಿರ ಹತ್ತು ಪಟ್ಟು. ನಿಮ್ಮ ಬ್ಯಾಗಿನಲ್ಲಿ ಸುಮ್ನೆ ಕೂತಿರುವ ಆ 50 ಎಂಎಂ ಹಾಕಿ, ಅದೇ ವೇದಿಕೆ, ಅದೇ ಐಎಸ್‌ಒ ಇಟ್ಟು ಎಫ್/1.8ರಲ್ಲಿ ತೆಗೆದಿದ್ದರೆ ಶಟರ್ 1/400ರ ಹತ್ತಿರ ಸಿಗುತ್ತಿತ್ತು. ನೃತ್ಯಕ್ಕೆ 1/250ರಿಂದ 1/500 ಸಾಕು, ಜಿಗಿತಕ್ಕೂ ನಡೆಯುತ್ತದೆ. ಇನ್ನು ಕ್ಯಾಮೆರಾ ಬದಲಿಸಿದರೆ ಏನು ಸಿಗುತ್ತದೆ? ಡಿ90ಕ್ಕೂ ಡಿ7500ಕ್ಕೂ ಕತ್ತಲೆಯಲ್ಲಿ ಇರುವ ನಿಜವಾದ ಅಂತರ ನಾನು ಬಳಸಿ ನೋಡಿದ ಮಟ್ಟಿಗೆ ಒಂದು ಸ್ಟಾಪ್, ಹೆಚ್ಚೆಂದರೆ ಒಂದೂವರೆ. ಅಂದರೆ ಎರಡರಿಂದ ಮೂರು ಪಟ್ಟು. ಅದೂ ಕಡಿಮೆ ಏನಲ್ಲ. ಆದರೆ ಹತ್ತು ಪಟ್ಟು ನಿಮ್ಮ ಬ್ಯಾಗಲ್ಲೇ ಇತ್ತಲ್ವಾ!

50 ಎಂಎಂ ಅಂದರೆ 105ರ ಅರ್ಧಕ್ಕಿಂತ ಕಡಿಮೆ, ಹಿಂದಿನ ಸಾಲಿನಿಂದ ಮಗು ಚಿಕ್ಕದಾಗಿ ಕಾಣುತ್ತದೆ, ಅದು ನಿಜ. ಮುಂದಿನ ಸಾಲಿಗೆ ಹೋಗಿ, ಇಲ್ಲ ಆಮೇಲೆ ಕ್ರಾಪ್ ಮಾಡಿ. ಇದಕ್ಕೊಂದು ಒಳ್ಳೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಈಗ ಸೆನ್ಸರ್ ಸವೆಯುವ ವಿಷಯ. ನಾನು ಕ್ಯಾಮೆರಾ ಬಿಚ್ಚಿ ಜೋಡಿಸಿಯೇ ಹೊಟ್ಟೆ ಹೊರೆಯುವವನು. 'ಸೆನ್ಸರ್ ಹೋಗಿದೆ' ಅಂತ ಮೇಜಿನ ಮೇಲೆ ಬಂದ ಹಳೆ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಆಗಿರುವುದು ಬೇರೆ ಏನೋ. ಲೆನ್ಸಿನೊಳಗೆ ಬೂಷ್ಟು ಹಿಡಿದಿರುತ್ತದೆ. ಇಲ್ಲದಿದ್ದರೆ ಹಿಂದಿನ ಗಾಜಿನ ಮೇಲೆ ಬೆರಳಿನ ಜಿಡ್ಡು ಮಂಜಿನಂತೆ ಕೂತಿರುತ್ತದೆ. ಸೆನ್ಸರ್ ಟೈರಿನ ಹಾಗೆ ಸವೆಯುವ ವಸ್ತುವಲ್ಲ. ವರ್ಷ ಕಳೆದಂತೆ ಕೆಲವು ಪಿಕ್ಸೆಲ್‌ಗಳು ಕೆಟ್ಟು ಕೆಂಪು, ಬಿಳಿ ಚುಕ್ಕೆಯಾಗಿ ಉಳಿಯುತ್ತವೆ, ಅದಷ್ಟು ನಿಜ. ಉಳಿದದ್ದು ಅಂದು ಹೇಗಿತ್ತೋ ಇಂದೂ ಹಾಗೇ. 2008ರಲ್ಲಿ ಡಿ90 ಬಂದಾಗ ಎಲ್ಲರೂ ಹೊಗಳಿದ ಸೆನ್ಸರ್ ಇದೇ. ಬದಲಾದದ್ದು ನಮ್ಮ ಕಣ್ಣು. ಈಗಿನ ಫೋನು ಹತ್ತಾರು ಫ್ರೇಮ್ ಬೆರೆಸಿ, ಕಾಳನ್ನೆಲ್ಲ ಉಜ್ಜಿ ಕೊಡುವ ಚಿತ್ರ ನೋಡಿ ನೋಡಿ ಅಭ್ಯಾಸ ಆಗಿಬಿಟ್ಟಿದೆ.

ಕಾಳುಗಳ ಬಗ್ಗೆಯೂ ಒಂದು ಮಾತು. ಬೆಳಕು ಹನಿಹನಿಯಾಗಿ ಬರುವ ವಸ್ತು. ತುಂತುರು ಶುರುವಾದಾಗ ಕಲ್ಲು ಹಾಸಿದ ಅಂಗಳ ನೋಡಿದ್ದೀರಲ್ಲ, ಒಂದು ಕಲ್ಲಿನ ಮೇಲೆ ನಾಲ್ಕು ಹನಿ, ಪಕ್ಕದ್ದರ ಮೇಲೆ ಒಂದೂ ಇಲ್ಲ. ಜೋರು ಮಳೆ ಬಂದರೆ ಎಲ್ಲ ಒಂದೇ ಸಮ ಒದ್ದೆ. ಕತ್ತಲೆ ವೇದಿಕೆಯಲ್ಲಿ ಸೆನ್ಸರಿನ ಮೇಲೆ ಬೀಳುವುದು ತುಂತುರು ಮಾತ್ರ. ಆ ಏರುಪೇರೇ ಕಾಳಾಗಿ ಕಾಣುವುದು. ಅದರ ಮೇಲೆ ಸೆನ್ಸರಿನದೇ ಆದ ಒಂದಿಷ್ಟು ಗಲಾಟೆ ಸೇರುತ್ತದೆ, ಹೊಸ ಸೆನ್ಸರುಗಳು ಕಡಿಮೆ ಮಾಡಿರುವುದು ಮುಖ್ಯವಾಗಿ ಈ ಎರಡನೆಯದನ್ನು. ಹನಿಗಳನ್ನೇ ಹೆಚ್ಚಿಸಬೇಕು ಅಂದರೆ ದೊಡ್ಡ ಬಾಯಿಯ ಲೆನ್ಸೇ ಬೇಕು.

ಮನಸ್ಸಿಗೆ ಸಮಾಧಾನ ಆಗಬೇಕಾದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಬಿಳಿ ಗೋಡೆಯನ್ನು ಎಫ್/16ರಲ್ಲಿ, ಫೋಕಸ್ ಬೇಕಂತಲೇ ಕೆಡಿಸಿ ತೆಗೆಯಿರಿ. ಬೂದು ಚುಕ್ಕೆ ಕಂಡರೆ ಅದು ಧೂಳು, ಸ್ವಚ್ಛ ಮಾಡಿಸಿದರೆ ಹೋಗುತ್ತದೆ. ಮುಚ್ಚಳ ಹಾಕಿ ಕೆಲವು ಸೆಕೆಂಡಿನ ಒಂದು ಚಿತ್ರ ತೆಗೆಯಿರಿ, ಬಣ್ಣದ ಚುಕ್ಕೆ ಕಂಡರೆ ಕೆಟ್ಟ ಪಿಕ್ಸೆಲ್. ಲೆನ್ಸ್ ಬಿಚ್ಚಿ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು. ಕೊನೆಗೆ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಅಕ್ಷರ ಇರುವ ಯಾವುದಾದರೂ ಹಾಳೆಯನ್ನು ಒಮ್ಮೆ ವ್ಯೂಫೈಂಡರಿನಿಂದ, ಒಮ್ಮೆ ಹಿಂದಿನ ಪರದೆ ನೋಡಿಕೊಂಡು ತೆಗೆಯುವ ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ತೆಗೆದು ಹೋಲಿಸಿ. ಲೈವ್ ವ್ಯೂನದು ಚೂಪಾಗಿದ್ದು ಇನ್ನೊಂದು ಮೆತ್ತಗಿದ್ದರೆ ಫೋಕಸ್ ಅಳತೆ ತಪ್ಪಿದೆ ಅಂತ ಅರ್ಥ. ಇದನ್ನು ಮೆನುವಿನಲ್ಲಿ ಸರಿಪಡಿಸುವ ಸೌಲಭ್ಯ ಡಿ90ರಲ್ಲಿ ಇಲ್ಲ, ರಿಪೇರಿಯವರ ಹತ್ತಿರವೇ ಹೋಗಬೇಕು. ಡಿ5600ರಲ್ಲೂ ಇಲ್ಲ. ಡಿ7500ರಲ್ಲಿ ಇದೆ.

ಶಟರ್ ಲಕ್ಷ ದಾಟಿದರೆ, ಅಂದರೆ ಲಕ್ಷಕ್ಕಿಂತ ಹೆಚ್ಚು ಚಿತ್ರ ತೆಗೆದಾಗಿದ್ದರೆ? ಒಂದು ಲಕ್ಷ ಅನ್ನುವುದು ಕಂಪನಿ ಪರೀಕ್ಷೆ ಮಾಡಿದ ಲೆಕ್ಕ, ಔಷಧಿ ಬಾಟಲಿ ಮೇಲಿನ ಕೊನೆ ದಿನಾಂಕ ಅಲ್ಲ. ಎರಡು ಲಕ್ಷ ದಾಟಿ ಟಕಟಕ ಅನ್ನುತ್ತಿರುವ ಶಟರ್ ನೋಡಿದ್ದೇನೆ, ನಲವತ್ತು ಸಾವಿರಕ್ಕೇ ಕಚ್ಚಿಕೊಂಡದ್ದನ್ನೂ ನೋಡಿದ್ದೇನೆ. ಹೋದರೆ ಬದಲಿಸಬಹುದು. ಭಾಗ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ, ನಿಜವಾದ ಅಪಾಯ ಅದೇ.

ಇನ್ನು ಹಳೆ ಬಣ್ಣದ ಮಾತು. ಈ ಮಾತಿನ ಬೇರು ಡಿ40, ಡಿ80, ಡಿ200 ಕಾಲದ ಸಿಸಿಡಿ ಅನ್ನುವ ಹಳೆ ಬಗೆಯ ಸೆನ್ಸರುಗಳಲ್ಲಿದೆ. ಸಿಸಿಡಿ ಬಣ್ಣವೇ ಬೇರೆ ಅನ್ನುವವರು ಈಗಲೂ ಸಿಗುತ್ತಾರೆ. ತಮಾಷೆ ಏನೆಂದರೆ ನಿಮ್ಮ ಡಿ90ರಲ್ಲಿ ಇರುವುದು ಸಿಸಿಡಿ ಅಲ್ಲವೇ ಅಲ್ಲ, ಸಿಮೋಸ್, ಹೊಸ ಕ್ಯಾಮೆರಾಗಳಲ್ಲಿ ಇರುವಂಥದ್ದೇ ಜಾತಿ. ಒಮ್ಮೆ ಹಳೆಯದು, ಹೊಸದು ಎರಡು ಕ್ಯಾಮೆರಾಗೂ ಒಂದೇ ಲೆನ್ಸ್ ಹಾಕಿ, ಕಿಟಕಿ ಬೆಳಕಲ್ಲಿ ರಾ (ಕ್ಯಾಮೆರಾ ಸಂಸ್ಕರಿಸದ ಕಚ್ಚಾ ಫೈಲು) ತೆಗೆದು, ವೈಟ್ ಬ್ಯಾಲೆನ್ಸ್ ಒಂದೇ ಮಾಡಿ ಪ್ರಿಂಟ್ ಹಾಕಿಸಿದೆ. ಹಳೆ ಬಣ್ಣದ ದೊಡ್ಡ ಅಭಿಮಾನಿಯಾದ ಗೆಳೆಯನ ಮುಂದೆ ಐದು ಜೋಡಿ ಇಟ್ಟೆ. ಮೂರು ತಪ್ಪು ಹೇಳಿದ, ಆಮೇಲೆ ಪ್ರಿಂಟಿನವನನ್ನು ಬೈದ. ಕ್ಯಾಮೆರಾದಿಂದ ನೇರ ಬರುವ ಜೆಪಿಇಜಿಯಲ್ಲಿ ವ್ಯತ್ಯಾಸ ಇದೆ, ಅದನ್ನು ಅಲ್ಲಗಳೆಯಲ್ಲ. ಅದು ಕಂಪನಿಯ ಅಡುಗೆ, ಉಪ್ಪು ಖಾರ ನೀವೇ ಬದಲಿಸಿಕೊಳ್ಳಬಹುದು.

ಈಗ ಮೆಗಾಪಿಕ್ಸೆಲ್. 12ಕ್ಕಿಂತ 24 ಎರಡು ಪಟ್ಟು ಅನಿಸುತ್ತದೆ ಅಲ್ವಾ? ಅಗಲ ನೋಡಿ. ಡಿ90ರ ಚಿತ್ರ 4288 ಪಿಕ್ಸೆಲ್ ಅಗಲ, ಡಿ5600ರದು 6000, ಡಿ7500ರದು 5568. ಅಂದರೆ ನೂರಕ್ಕೆ ನಲವತ್ತು, ಮೂವತ್ತು ಜಾಸ್ತಿ. ನಿಮ್ಮ ಹಕ್ಕಿ ಚಿತ್ರವನ್ನೇ ತಗೊಳ್ಳಿ. 105 ಎಂಎಂನಲ್ಲಿ ತೆಗೆದು, ಕತ್ತರಿಸಿ ಕತ್ತರಿಸಿ ಕೊನೆಗೆ 900 ಪಿಕ್ಸೆಲ್ ಅಗಲದ ತುಂಡು ಉಳಿದಿದೆ. ಅದೇ ಜಾಗದಿಂದ, ಅದೇ ಲೆನ್ಸಿನಿಂದ ಡಿ5600ರಲ್ಲಿ ತೆಗೆದಿದ್ದರೆ ಆ ತುಂಡು ಸುಮಾರು 1260 ಪಿಕ್ಸೆಲ್ ಇರುತ್ತಿತ್ತು. ನಿಮ್ಮ ಹಳೆ ಡಿ90ಕ್ಕೇ 300 ಎಂಎಂ ಲೆನ್ಸ್ ಹಾಕಿದ್ದರೆ? 2570! ಪುಕ್ಕದ ಎಳೆ ಕಾಣುವುದು ಅಲ್ಲಿ.

ಹಾಗಾದರೆ ಹೊಸ ಕ್ಯಾಮೆರಾದಲ್ಲಿ ಏನೂ ಇಲ್ಲವಾ? ಇದೆ, ಚೆನ್ನಾಗೇ ಇದೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯುವ ಜಾಗದಲ್ಲಿ ಮಾತ್ರ ಇಲ್ಲ. ಡಿ7500ರ ಐಎಸ್‌ಒ 16,40,000ದವರೆಗೆ ಹೋಗುತ್ತದೆ ಅಂತ ಬರೆದಿರುತ್ತಾರೆ, ಅಲ್ಲಿ ತೆಗೆದ ಚಿತ್ರದಲ್ಲಿ ಮಗಳನ್ನೂ ಪರದೆಯನ್ನೂ ಬೇರೆ ಮಾಡಿ ಗುರುತಿಸಿದರೆ ನಿಮಗೆ ನನ್ನ ಕಡೆಯಿಂದ ಬಹುಮಾನ. ನಿಜವಾದ ಲಾಭ ಬೇರೆ ಕಡೆ ಇದೆ.

ಒಂದು, ಫೋಕಸ್. ಡಿ90ರಲ್ಲಿ 11 ಫೋಕಸ್ ಬಿಂದುಗಳಿವೆ, ಅದರಲ್ಲಿ ನಡುವಿನದು ಒಂದೇ ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವ ಕ್ರಾಸ್ ಮಾದರಿಯದು. ಉಳಿದ ಹತ್ತೂ ಒಂದೇ ದಿಕ್ಕಿನ ಗೆರೆಗಳನ್ನು ಮಾತ್ರ ಚೆನ್ನಾಗಿ ಹಿಡಿಯುತ್ತವೆ. ಕತ್ತಲೆಯಲ್ಲಿ ಅಂಚಿನ ಬಿಂದು ಆರಿಸಿಕೊಂಡರೆ ಲೆನ್ಸ್ ಹಿಂದೆ ಮುಂದೆ ಓಡಾಡಿ ಕೈಚೆಲ್ಲುವುದು ಅದಕ್ಕೇ. ಡಿ7500ರಲ್ಲಿ 51 ಬಿಂದು, 15 ಕ್ರಾಸ್. ಡಿ90 ಮೈನಸ್ 1 ಇವಿ (ಬೆಳಕಿನ ಅಳತೆ, ಒಂದೊಂದು ಮೆಟ್ಟಿಲು ಇಳಿದಂತೆ ಬೆಳಕು ಅರ್ಧ) ವರೆಗಿನ ಮಬ್ಬಿನಲ್ಲಿ ಫೋಕಸ್ ಹುಡುಕಬಲ್ಲದು, ಡಿ7500 ಮೈನಸ್ 3ರವರೆಗೆ, ಅಂದರೆ ನಾಲ್ಕನೇ ಒಂದು ಪಾಲು ಬೆಳಕು ಸಾಕು. ಹಕ್ಕಿಗೂ ಇದೇ ಮುಖ್ಯ. ಸೆಕೆಂಡಿಗೆ 4.5 ಫ್ರೇಮ್ ಬದಲು 8, ರಾ ಕೂಡ ಐವತ್ತು ಒಂದೇ ಉಸಿರಿಗೆ ತೆಗೆಯುತ್ತದೆ.

ಎರಡು, ಬೆಳಕಿನ ಅಳತೆ. ಇದನ್ನು ಯಾರೂ ಹೇಳುವುದೇ ಇಲ್ಲ, ವೇದಿಕೆ ಚಿತ್ರ ತೆಗೆಯುವವರಿಗೆ ಇದು ಬಂಗಾರ. ಡಿ90ರ ಮೀಟರು 420 ಪಿಕ್ಸೆಲ್‌ನದು, ಡಿ7500ರದು 1,80,000. ಹಿಂದೆ ಕಪ್ಪು ಪರದೆ, ಮುಂದೆ ದೀಪದ ಬೆಳಕಿನಲ್ಲಿ ಮುಖ, ಇಂಥ ಕಡೆ ಡಿ90 'ಅಯ್ಯೋ ಎಷ್ಟು ಕತ್ತಲೆ' ಅಂದುಕೊಂಡು ಎಕ್ಸ್‌ಪೋಶರ್ ಏರಿಸುತ್ತದೆ. ಮುಖ ಸುಟ್ಟು ಬಿಳಿಯಾಗುತ್ತದೆ, ಸಾಲದ್ದಕ್ಕೆ ಶಟರ್ ನಿಧಾನವಾಗುತ್ತದೆ. ನಿಮ್ಮ 1/40ಕ್ಕೆ ಇದೂ ಒಂದು ಕಾರಣ, ಚಿತ್ರದಲ್ಲಿ ಹಣೆ ನೋಡಿ, ಬಣ್ಣವೇ ಇಲ್ಲ. ಡಿ7500ರಲ್ಲಿ ಅತಿ ಬೆಳಕಿನ ಜಾಗವನ್ನು ಕಾಪಾಡುವ ಹೈಲೈಟ್ ಮೀಟರಿಂಗ್ ಇದೆ. ದೀಪಗಳ ಮಿನುಗಿನಿಂದ ಒಂದು ಚಿತ್ರ ಹಳದಿ, ಇನ್ನೊಂದು ಕಪ್ಪು ಆಗುವುದನ್ನು ತಡೆಯುವ ವ್ಯವಸ್ಥೆಯೂ ಇದೆ. ಡಿ90ರಲ್ಲಿ ಇವೆರಡೂ ಇಲ್ಲ. ಅದರಲ್ಲಿ ಸ್ಪಾಟ್ ಮೀಟರಿಂಗ್ ಇಟ್ಟು ಮುಖ ಅಳೆಯಿರಿ, ಅಥವಾ ಮ್ಯಾನ್ಯುಅಲ್‌ಗೆ ಹಾಕಿ ಒಮ್ಮೆ ಹೊಂದಿಸಿ ಬಿಟ್ಟುಬಿಡಿ.

ಮೂರು, ನೆರಳಿನಲ್ಲಿ ಅಡಗಿದ ವಿವರ. ಕಪ್ಪಾದ ಭಾಗವನ್ನು ಕಂಪ್ಯೂಟರಿನಲ್ಲಿ ಎತ್ತಿದರೆ ಡಿ90ರ ಫೈಲು ಬೇಗ ಗೀರುಗೀರಾಗಿ ಕೊಳಕಾಗುತ್ತದೆ. 2010ರ ಡಿ7000ದಿಂದ ಈಚೆಗೆ ಇದರಲ್ಲಿ ದೊಡ್ಡ ಜಿಗಿತ ಆಯಿತು. ಡಿ7500, ಡಿ5600 ಎರಡರಲ್ಲೂ ಕಡಿಮೆ ಎಕ್ಸ್‌ಪೋಶರಿನಲ್ಲಿ ತೆಗೆದು ಆಮೇಲೆ ಎತ್ತಿದರೂ ಮುಖ ಉಳಿಯುತ್ತದೆ. ರಾ ತೆಗೆಯದವರಿಗೆ ಈ ಲಾಭ ಅಷ್ಟಾಗಿ ಸಿಗಲ್ಲ.

ಈಗ ನೀವು ಮನಸ್ಸಿಟ್ಟಿರುವ ಡಿ5600. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಕೈಗೆ ಇದು ಮೇಲಿನ ಮೆಟ್ಟಿಲಲ್ಲ. ಡಿ90ರ ಲೆನ್ಸ್ ತೆಗೆದು ಬಾಡಿಯ ಉಕ್ಕಿನ ಬಳೆಯನ್ನು ನೋಡಿ. ಕೆಳಗಡೆ ಎಡಕ್ಕೆ, ಸ್ಕ್ರೂಡ್ರೈವರಿನ ತುದಿಯಂಥ ಒಂದು ಪುಟ್ಟ ಕಡ್ಡಿ ಕಾಣುತ್ತದೆ. ನಿಮ್ಮ 50 ಎಂಎಂ ಡಿ ಲೆನ್ಸಿನಲ್ಲಿ ಮೋಟಾರಿಲ್ಲ, ಈ ಕಡ್ಡಿ ತಿರುಗಿಯೇ ಅದಕ್ಕೆ ಫೋಕಸ್ ಮಾಡಿಸುವುದು. ಆ ಕರ್‌ಕರ್ ಸದ್ದು ಅದರದ್ದೇ. ಡಿ5600ರಲ್ಲಿ ಆ ಕಡ್ಡಿಯೇ ಇಲ್ಲ. ಲೆನ್ಸ್ ಕೂರುತ್ತದೆ, ಬೆಳಕನ್ನೂ ಅಳೆಯುತ್ತದೆ, ಫೋಕಸ್ ಮಾತ್ರ ಕೈಯಲ್ಲೇ ಮಾಡಬೇಕು. ಕುಣಿಯುವ ಮಗುವಿಗೆ ಎಫ್/1.8ರಲ್ಲಿ ಕೈ ಫೋಕಸ್ ಅಂದರೆ ದೇವರೇ ಗತಿ. ಮೇಲಾಗಿ ಡಿ90ರ ಎರಡು ಚಕ್ರಗಳ ಬದಲು ಅದರಲ್ಲಿ ಒಂದೇ. ಮೇಲಿನ ಪುಟ್ಟ ಪರದೆ ಇಲ್ಲ. ವ್ಯೂಫೈಂಡರಿನಲ್ಲಿ ಗಾಜಿನ ಪ್ರಿಸಂ ಬದಲು ಕನ್ನಡಿಗಳು, ಚಿತ್ರ ಚಿಕ್ಕದಾಗಿ ಕಾಣುತ್ತದೆ. 2016ರ ಕ್ಯಾಮೆರಾ, 2008ರದಕ್ಕಿಂತ ಹೊಸದು, ಆದರೆ ಕೆಳಗಿನ ದರ್ಜೆಯದು. ಅದರ ಗುಣ ಬೇರೆ. ಬಾಡಿ 415 ಗ್ರಾಂ ಮಾತ್ರ, ಡಿ90 620. ಪರದೆ ಪಕ್ಕಕ್ಕೆ ಬಿಚ್ಚಿ ತಿರುಗುತ್ತದೆ. 39 ಫೋಕಸ್ ಬಿಂದುಗಳಿವೆ. ಪ್ರವಾಸಕ್ಕೆ ಕುತ್ತಿಗೆಗೆ ಹಾಕಿಕೊಂಡು ಓಡಾಡುವವರಿಗೆ ನಾನೇ ಅದನ್ನು ಹೇಳುತ್ತೇನೆ.

ಡಿ7500ರಲ್ಲಿ ಕಡ್ಡಿ ಇದೆ, ನಿಮ್ಮ ಎರಡೂ ಲೆನ್ಸ್ ಹಾಗೇ ನಡೆಯುತ್ತವೆ. ಹಿಡಿದ ಕೂಡಲೇ ನಿಮ್ಮದೇ ಕ್ಯಾಮೆರಾ ಅನಿಸುತ್ತದೆ. ಕೊರತೆಗಳೂ ಇವೆ. ಹಿಂದಿನ ಡಿ7200ರಲ್ಲಿ ಇದ್ದ ಎರಡನೇ ಕಾರ್ಡಿನ ಜಾಗ ಇದರಲ್ಲಿ ಕಿತ್ತುಹಾಕಿದ್ದಾರೆ. ಡಿ90ರ ಬ್ಯಾಟರಿ ಇದಕ್ಕೆ ಆಗಲ್ಲ. ಹಳೆ ಸಾಫ್ಟ್‌ವೇರ್ ಇದರ ರಾ ಫೈಲನ್ನು ತೆರೆಯದೆ ಇರಬಹುದು, ಕಂಪ್ಯೂಟರು ಮುದಿಯಾಗಿದ್ದರೆ ಅದೂ ಒಂದು ಖರ್ಚು.

ಲೆನ್ಸ್ ಕೊಳ್ಳುವಾಗ ಒಂದು ಗುಂಡಿ ಇದೆ, ಬೀಳಬೇಡಿ. ನಿಕಾನ್‌ನ ಎಎಫ್-ಪಿ ಲೆನ್ಸುಗಳು ಡಿ90ರಲ್ಲಿ ಕೆಲಸ ಮಾಡುವುದಿಲ್ಲ. ಹೆಸರಿನಲ್ಲಿ ಎಫ್ ಸಂಖ್ಯೆಯ ಪಕ್ಕ ಇ ಅಂತ ಇರುವ ಲೆನ್ಸುಗಳಿಗೂ ಡಿ90 ಆಗಿಬರಲ್ಲ, ಅಪರ್ಚರ್ ಬದಲಿಸಲು ಬರುವುದಿಲ್ಲ. ಹಕ್ಕಿಯವರ ಮೆಚ್ಚಿನ 200-500 ಎಫ್/5.6ಇ ಇದೇ ಗುಂಪಿನದು. 70-300 ಅಂತ ಒಂದೇ ಹೆಸರಿನಲ್ಲಿ ಹಲವು ಲೆನ್ಸುಗಳಿವೆ. ಡಿ90ಕ್ಕೆ ಬೇಕಾದ್ದು ಎಎಫ್-ಎಸ್ ವಿಆರ್ ಎಫ್/4.5-5.6ಜಿ. ಪೆಟ್ಟಿಗೆ ನೋಡಬೇಡಿ, ಲೆನ್ಸಿನ ಮೈಮೇಲಿನ ಅಕ್ಷರ ಓದಿ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. 2020ರ ಡಿ780, ಡಿ6 ಆದಮೇಲೆ ನಿಕಾನ್‌ನಿಂದ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ, ಹೊಸ ಲೆನ್ಸೆಲ್ಲ ಆ ಕಡೆಗೇ. ಕಣ್ಣು ಹುಡುಕಿ ಫೋಕಸ್ ಮಾಡುವುದರಲ್ಲಿ ಅವು ಬೇರೆಯೇ ಲೋಕ. ಆದರೆ ಎಫ್‌ಟಿಝಡ್ ಅಡಾಪ್ಟರಿನಲ್ಲೂ (ಹಳೆ ಲೆನ್ಸನ್ನು ಅವಕ್ಕೆ ಜೋಡಿಸುವ ಬಳೆ) ಆ ಕಡ್ಡಿ ಇಲ್ಲ, ನಿಮ್ಮ 50 ಎಂಎಂ ಅಲ್ಲೂ ಕೈ ಫೋಕಸ್ಸೇ. ಎಲ್ಲವನ್ನೂ ಹೊಸದಾಗಿ ಶುರು ಮಾಡುವ ಮನಸ್ಸು, ದುಡ್ಡು ಎರಡೂ ಇದ್ದರೆ ಮಾತ್ರ ಆ ಕಡೆ ನೋಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು 85 ಎಂಎಂ ಎಫ್/1.8ಜಿ ತಗೊಳ್ಳುತ್ತಿದ್ದೆ. ಮುಂದೆ ಒಳ್ಳೆ ದಾರಿ ಇದೆ ಅಂದೆನಲ್ಲ, ಇದೇ ಅದು. ಮೋಟಾರು ಲೆನ್ಸಿನಲ್ಲೇ ಇದೆ. ಡಿ90ರಲ್ಲೂ ನಡೆಯುತ್ತದೆ, ನಾಳೆ ಡಿ7500 ಬಂದರೆ ಅದರಲ್ಲೂ. ಮೂರ್ನಾಲ್ಕನೇ ಸಾಲಿನಿಂದ ಮಗಳು ಫ್ರೇಮ್ ತುಂಬುತ್ತಾಳೆ. ಅಪಾಯ ಇಲ್ಲದೇ ಇಲ್ಲ. ಎಫ್/1.8ರಲ್ಲಿ ಸ್ಪಷ್ಟವಾಗಿರುವ ಆಳ ತೀರಾ ತೆಳು, ಮೂಗಿಗೆ ಫೋಕಸ್ ಬಿದ್ದರೆ ಕಿವಿ ಮೆತ್ತಗಾಗುತ್ತದೆ. ಡಿ90ರ ನಡುವಿನ ಬಿಂದುವನ್ನೇ ಬಳಸಿ, ಎಫ್/2.2ಕ್ಕೆ ಇಟ್ಟುಕೊಳ್ಳಿ. ಅಷ್ಟಾದಮೇಲೂ ಫೋಕಸ್ ಕೈಕೊಡುತ್ತಿದ್ದರೆ, ಇಲ್ಲ ಹಕ್ಕಿಯ ಹುಚ್ಚು ಜಾಸ್ತಿಯಾದರೆ, ಡಿ7500. ಸೆಕೆಂಡ್ ಹ್ಯಾಂಡ್ ಆದರೂ ಆಗಬಹುದು. ಕೊಳ್ಳುವಾಗ ಒಂದು ಚಿತ್ರ ತೆಗೆದು ಅದರೊಳಗಿನ ಶಟರ್ ಲೆಕ್ಕ ಓದಿ, ಮೇಲೆ ಹೇಳಿದ ಪರೀಕ್ಷೆಗಳನ್ನು ಅಲ್ಲೇ ನಿಂತು ಮಾಡಿ, ಕಾರ್ಡಿನ ಬಾಗಿಲು ಮತ್ತು ಮೇಲೆ ಫ್ಲಾಶ್ ಕೂರಿಸುವ ಜಾಗವನ್ನು ಅಲುಗಾಡಿಸಿ ನೋಡಿ. ಎಲ್ಲೋ ಬಿದ್ದದ್ದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಕೊಳ್ಳುವ ಮೊದಲು ಒಂದು ದಿನಕ್ಕೆ ಡಿ7500 ಬಾಡಿಗೆಗೋ ಗೆಳೆಯರಿಂದಲೋ ತನ್ನಿ. ಮಗಳ ಅಭ್ಯಾಸದ ದಿನ ಎರಡೂ ಕ್ಯಾಮೆರಾ ಒಯ್ಯಿರಿ, ಅದೇ 50 ಎಂಎಂ ಅದಲು ಬದಲು ಹಾಕಿ, ಎರಡರಲ್ಲೂ 1/320, ಎಫ್/2, ಐಎಸ್‌ಒ 1600 ಇಟ್ಟು ನೂರು ನೂರು ಚಿತ್ರ ತೆಗೆಯಿರಿ. ಮನೆಗೆ ಬಂದು ಕಣ್ಣು ಚೂಪಾಗಿರುವುದನ್ನು ಮಾತ್ರ ಎಣಿಸಿ. ಡಿ90ರಲ್ಲಿ ಎಪ್ಪತ್ತು, ಡಿ7500ರಲ್ಲಿ ಎಂಬತ್ತು ಬಂದರೆ ದುಡ್ಡು ಉಳಿಸಿ. ಮೂವತ್ತು, ಎಂಬತ್ತು ಬಂದರೆ ನನ್ನನ್ನು ಕೇಳುವುದೇ ಬೇಡ. ಆಮೇಲೂ ಡಿ90 ಮಾರಬೇಡಿ, ಈಗ ಅದಕ್ಕೆ ಬರುವ ಬೆಲೆ ಅಷ್ಟರಲ್ಲೇ ಇದೆ. ಬ್ಯಾಟರಿ ತೆಗೆದಿಟ್ಟು, ಲೆನ್ಸುಗಳನ್ನು ತೇವ ಇಲ್ಲದ ಕಡೆ ಇಡಿ. ಕಾರ್ಡು ಮಾತ್ರ 32 ಜಿಬಿ ಒಳಗಿನದೇ ಇರಲಿ, ಅದಕ್ಕಿಂತ ದೊಡ್ಡದನ್ನು ಡಿ90 ಅಧಿಕೃತವಾಗಿ ಒಪ್ಪಿಕೊಳ್ಳುವುದಿಲ್ಲ.